ಪಡುಬಿದ್ರಿಯಿಂದ ಮಲ್ಪೆಗೆ ಕಡಲ ಕರೆಯಲ್ಲೇ ಒಂದು ದಿನದ ನಡಿಗೆ: ಇಳಿತದ ಲೆಕ್ಕ, ಕಲ್ಲಿನ ತಡೆಗೋಡೆ, ನೀರು, ಪಾದ

@ಹೆದ್ದಾರಿ_ಬಿಟ್ಟು

ಜನವರಿಯಲ್ಲಿ ನಮ್ಮ ಐದು ಜನರ ಗುಂಪು ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚ್‌ನಿಂದ ಹೊರಟು ಎರ್ಮಾಳು, ಉಚ್ಚಿಲ, ಮೂಳೂರು, ಕಾಪು, ಮಟ್ಟು ದಾಟಿ ಪಡುಕರೆ ಸೇತುವೆಯ ಮೂಲಕ ಮಲ್ಪೆ ತಲುಪಬೇಕು ಎಂದುಕೊಂಡಿದೆ. ಒಂದೇ ದಿನದಲ್ಲಿ, ಆದಷ್ಟು ನೀರಂಚಿನಲ್ಲೇ. ನಕ್ಷೆಯಲ್ಲಿ ಅಳೆದರೆ ಸುಮಾರು 24 ಕಿ.ಮೀ. ಬರುತ್ತದೆ. ಎಲ್ಲರಿಗೂ ಘಟ್ಟದ ಚಾರಣ ರೂಢಿ ಇದೆ, ಮರಳಿನ ಮೇಲೆ ಇಷ್ಟು ದೂರ ಯಾರೂ ನಡೆದಿಲ್ಲ. ಘಟ್ಟದಲ್ಲಿ 24 ಕಿ.ಮೀ. ನಡೆಯುವವರಿಗೆ ಇದು ಸುಲಭವೇ? ಹುಣ್ಣಿಮೆಯ ಭಾನುವಾರ ಹೊರಡುವ ಯೋಚನೆ ಇದೆ, ಬೆಳದಿಂಗಳಲ್ಲಿ ಬೇಗ ಶುರು ಮಾಡಬಹುದು ಅಂತ. ಸರಿಯೇ?

@ಭರತ_ಇಳಿತ

ದಾರಿ ಚೆನ್ನಾಗಿದೆ, ದಿನ ತಪ್ಪಾಗಿದೆ.

ಈ ನಡಿಗೆಯಲ್ಲಿ ದೂರಕ್ಕಿಂತ ಮೊದಲು ನೋಡಬೇಕಾದದ್ದು ನೀರು ಎಷ್ಟು ಹೊತ್ತಿಗೆ ಇಳಿದಿರುತ್ತದೆ ಎಂಬುದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಒಂದೇ ಎತ್ತರದವಲ್ಲ. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ ಕಾಲು. ಹುಣ್ಣಿಮೆ, ಅಮಾವಾಸ್ಯೆಯ ದಿನ ಇಲ್ಲಿ ಬೆಳಗಿನ ಇಳಿತ 5ರಿಂದ 6ರ ಆಸುಪಾಸು ಬೀಳುತ್ತದೆ, ಭರತ 11-12ರ ಹೊತ್ತಿಗೆ. ಅಂದರೆ ಹುಣ್ಣಿಮೆಯಂದು ಬೆಳಕಾಗುವಾಗಲೇ ನೀರು ಏರಲು ಶುರುವಾಗಿರುತ್ತದೆ. ನಿಮ್ಮ ಗುಂಪು ಎರ್ಮಾಳು-ಮೂಳೂರು ನಡುವಿನ ಕಲ್ಲಿನ ಗೋಡೆಗಳ ಬುಡಕ್ಕೆ ಬರುವಾಗ ಅಲೆಯೂ ಅಲ್ಲಿಗೇ ಬರುತ್ತದೆ.

ಇಳಿತದ ಹೊತ್ತು ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆಯ ಹತ್ತಿರದ ದಿನಗಳಲ್ಲಿ ಈ ವ್ಯತ್ಯಾಸ ಸ್ವಲ್ಪ ಕಡಿಮೆ, ಅಷ್ಟಮಿಯ ಹತ್ತಿರ ಒಂದು ಗಂಟೆಗೂ ಜಾಸ್ತಿ. ಹಾಗಾಗಿ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಎರಡನೇ, ಮೂರನೇ ದಿನ ಹಿಡಿಯಿರಿ. ಇಳಿತ 7-7.30ಕ್ಕೆ ಬರುತ್ತದೆ, ನೀರು ಚೆನ್ನಾಗಿ ಹಿಂದೆ ಸರಿದಿರುತ್ತದೆ, ಮೇಲಿಂದ ಹಗಲಿನ ಬೆಳಕು. ಅಷ್ಟಮಿಗೆ ಹೋದರೆ ಇಳಿತ ನಡುಹಗಲಿಗೆ ಬರುತ್ತದೆ ನಿಜ, ಆದರೆ ಆಗ ಭರತಕ್ಕೂ ಇಳಿತಕ್ಕೂ ನಡುವಿನ ಅಂತರವೇ ಸಣ್ಣದು. ಗಟ್ಟಿ ಮರಳಿನ ಪಟ್ಟಿ ಅಗಲವಾಗಿ ತೆರೆಯುವುದಿಲ್ಲ.

ಇದು ಅಂದಾಜಿಗೆ ಮಾತ್ರ. ದಿನ ಗಟ್ಟಿ ಮಾಡುವ ಮೊದಲು ಮಲ್ಪೆಯ ಅಥವಾ ನವ ಮಂಗಳೂರು ಬಂದರಿನ ಭರತ-ಇಳಿತ ಪಟ್ಟಿ ತೆರೆದು ನಿಮಿಷ ಸಮೇತ ಬರೆದುಕೊಳ್ಳಿ. ಎರಡೂ ಜಾಗಕ್ಕೆ ಕೆಲವೇ ನಿಮಿಷದ ವ್ಯತ್ಯಾಸ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. ನೀರು ಆರು ಗಂಟೆಯಲ್ಲಿ ಸಮವಾಗಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ, ಎರಡನೆಯದರಲ್ಲಿ ಎರಡು ಭಾಗ, ಮೂರನೇ ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು ಭಾಗ. ಆ ನಡುವಿನ ಎರಡು ಗಂಟೆಯಲ್ಲೇ ಅರ್ಧದಷ್ಟು ನೀರು ಬಂದುಬಿಡುತ್ತದೆ. ಏರಿಕೆ 1.2 ಮೀಟರ್ ಇದ್ದರೆ, 30 ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಚಪ್ಪಟೆ ಕರೆಯಲ್ಲಿ ನೀರಂಚು 36 ಮೀಟರ್ ಒಳಗೆ ಬರುತ್ತದೆ. ಎಂಟಕ್ಕೆ ಒಂದರಷ್ಟು ಕಡಿದಾದ ಕರೆಯಲ್ಲಿ 10 ಮೀಟರೂ ಇಲ್ಲ. ಅಲೆ ಉರುಳಿ ಮೇಲೆ ಬರುವುದು ಇದರ ಮೇಲಿನ ಹೆಚ್ಚುವರಿ.

@ಕರೆದಾರಿ

ಮೇಲಿನದಕ್ಕೆ ಸೇರಿಸುತ್ತೇನೆ, ದಾರಿಯನ್ನು ತುಂಡು ಮಾಡಿ.

ಪಡುಬಿದ್ರಿ ಪೇಟೆಯಿಂದ ನೇರ ಪಡುವಣಕ್ಕೆ ಇಳಿದರೆ ಮುಖ್ಯ ಬೀಚ್. ಬ್ಲೂ ಫ್ಲ್ಯಾಗ್ ಬೀಚ್ ಬೇರೆ, ಅದು ತೆಂಕಣಕ್ಕೆ, ಕಾಮಿನಿ ನದಿಯ ಅಳಿವೆಯ ಬದಿಗೆ. ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಆ ಅಂತರರಾಷ್ಟ್ರೀಯ ಪ್ರಮಾಣಪತ್ರ 2020ರಲ್ಲಿ ಸಿಕ್ಕಿದ್ದು ಅದಕ್ಕೆ. ಅಲ್ಲಿಂದ ಹೊರಟರೆ ಕೆಲವು ಕಿ.ಮೀ. ಹೆಚ್ಚು ನಡೆಯಬೇಕು. ಮೊದಲ ಸಲಕ್ಕೆ ಬೇಡ.

ಪಡುಬಿದ್ರಿಯಿಂದ ಕಾಪು ದೀಪಸ್ತಂಭ ಸುಮಾರು 10 ಕಿ.ಮೀ. ಇಡೀ ದಿನದ ಕಷ್ಟ ಇರುವುದು ಇಲ್ಲಿ. ಎರ್ಮಾಳು ತೆಂಕ, ಬಡ, ಮೂಳೂರು ಈ ಭಾಗದಲ್ಲಿ ಕಡಲ್ಕೊರೆತ ತಡೆಯಲು ದೊಡ್ಡ ಕಲ್ಲು ಸುರಿದಿದ್ದಾರೆ. ಗೋಡೆಯ ಮುಂದೆ ಮರಳು ಉಳಿದಿದ್ದರೆ ಇಳಿತದಲ್ಲಿ ಬುಡದಲ್ಲೇ ನಡೆಯಬಹುದು. ಮರಳು ಇಲ್ಲದ ಕಡೆ ಗೋಡೆ ಹತ್ತಿ ಹಿಂದಿನ ಮೀನುಗಾರಿಕಾ ರಸ್ತೆಗೆ ಹೋಗಬೇಕು. ಆ ರಸ್ತೆ ತುಂಡು ತುಂಡಾಗಿದೆ. ಯಾವ ವರ್ಷದ ಮಳೆಗೆ ಎಲ್ಲಿ ಕಿತ್ತು ಹೋಗಿದೆಯೋ ಆ ವರ್ಷ ಹೋಗಿ ನೋಡಿದವರಿಗೇ ಗೊತ್ತು. ಹಳೆಯ ಉಪಗ್ರಹ ಚಿತ್ರ ನಂಬಬೇಡಿ. ಒಳ್ಳೆಯ ವಿಷಯವೆಂದರೆ ಈ ಭಾಗದಲ್ಲಿ ಹೆದ್ದಾರಿ 66 ಹತ್ತಿರವೇ ಇದೆ. ಎರ್ಮಾಳು, ಉಚ್ಚಿಲ, ಮೂಳೂರು ಎಲ್ಲ ಕಡೆಯಿಂದಲೂ ಮೂಡಣಕ್ಕೆ ನಡೆದರೆ ಬಸ್ಸು ಸಿಗುತ್ತದೆ. ಯಾರಿಗಾದರೂ ಆಗದಿದ್ದರೆ ಇಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಕಾಪುವಿನಿಂದ ಪೊಲಿಪು, ಕೈಪುಂಜಾಲು ದಾಟಿ ಮಟ್ಟು ಬೀಚ್‌ಗೆ ಸುಮಾರು 6 ಕಿ.ಮೀ. ಮಟ್ಟುವಿನಿಂದ ಪಡುಕರೆ ಸೇತುವೆಗೆ ಸುಮಾರು 8. ಇಲ್ಲಿ ನೆಲದ ರೂಪವೇ ಬೇರೆ: ಎಡಕ್ಕೆ ಸಮುದ್ರ, ಬಲಕ್ಕೆ ಬಡಗಣ ಮುಖವಾಗಿ ಮಲ್ಪೆಯ ಅಳಿವೆಗೆ ಹರಿಯುವ ಹೊಳೆ, ನಡುವೆ ಉದ್ದದ ಮರಳ ಪಟ್ಟಿ. ಅದರ ಮೇಲೆ ಮನೆ, ತೆಂಗು, ಒಂದು ರಸ್ತೆ. ಮೂಡಣಕ್ಕೆ ದಾಟಬೇಕಾದರೆ ಸೇತುವೆ ಇರುವಲ್ಲೇ ದಾಟಬೇಕು. ಕಾಲು ಉಳುಕಿದವರು «ಹೆದ್ದಾರಿ ಅಲ್ಲೇ ಕಾಣ್ತದಲ್ಲ» ಎಂದು ಹೊಳೆಯ ಬದಿಗೆ ಹೋದರೆ ಪ್ರಯೋಜನವಿಲ್ಲ. ಆದ್ದರಿಂದ ಮಟ್ಟುವಿನಲ್ಲಿ ಒಂದು ನಿರ್ಧಾರ ಮಾಡಬೇಕು: ಮುಂದೆ ಹೋಗುವುದೋ, ಕಟಪಾಡಿಗೆ ತಿರುಗುವುದೋ. ಮಟ್ಟುವಿನಿಂದ ಕಟಪಾಡಿ ಪೇಟೆ 3-4 ಕಿ.ಮೀ.

@ಗಾಳಿಮರ

ನಂಗೆ ಒಂದು ತಕರಾರು ಉಂಟು. ಎಲ್ಲರೂ ತೆಂಕಿನಿಂದ ಬಡಗಿಗೆ ಯಾಕೆ ಹೋಗ್ಲಿಕ್ಕೆ ಹೇಳ್ತೀರಿ? ಜನವರಿಯಲ್ಲಿ ಬೆಳಿಗ್ಗೆ ಗಾಳಿ ಮೂಡಣದಿಂದ, ಅದು ಬದಿಗೆ ಹೊಡೆಯುವುದು, ಬಿಡಿ. 11-12 ಆಗುವಾಗ ಕಡಲ ಗಾಳಿ ಶುರುವಾಗ್ತದೆ, ಅದು ವಾಯವ್ಯದಿಂದ. ಬಡಗಿಗೆ ಹೋಗುವವರಿಗೆ ಮಧ್ಯಾಹ್ನ ಪೂರ್ತಿ ಮುಖಕ್ಕೆ ಗಾಳಿ, ಕಣ್ಣಿಗೆ ಮರಳು. ಮಲ್ಪೆಯಿಂದ ಹೊರಟರೆ ಅದೇ ಗಾಳಿ ಬೆನ್ನಿಗೆ. ಕೊನೆಯ ಎಂಟು ಕಿಲೋಮೀಟರಿನಲ್ಲಿ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ.

@ಭರತ_ಇಳಿತ

ಗಾಳಿಯ ಮಾತು ಸರಿ. ಆದರೆ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ಜನವರಿಯಲ್ಲಿ ಸೂರ್ಯ ತೆಂಕಣಕ್ಕೆ ಬಾಗಿರುತ್ತಾನೆ. ತೆಂಕಿಗೆ ನಡೆದರೆ ಬಿಸಿಲು ಮುಖಕ್ಕೆ, ಬಡಗಿಗೆ ನಡೆದರೆ ಬೆನ್ನಿಗೆ. ಮುಖಕ್ಕೆ ಬರುವ ಗಾಳಿ ಸೆಕೆಯನ್ನೂ ಕಡಿಮೆ ಮಾಡುತ್ತದೆ.

ನನ್ನ ಪ್ರಕಾರ ದಿಕ್ಕನ್ನು ಗಾಳಿಯೂ ನಿರ್ಧರಿಸಬಾರದು, ಬಿಸಿಲೂ ನಿರ್ಧರಿಸಬಾರದು. ತೆಂಕಣ ಭಾಗದಲ್ಲಿ, ಅಂದರೆ ಪಡುಬಿದ್ರಿ-ಕಾಪು ನಡುವೆ, ನೀರು ಇಳಿದಿರಲೇಬೇಕು. ಬಡಗಣ ಭಾಗದಲ್ಲಿ ಭರತ ಬಂದರೂ ಹಿಂದೆ ರಸ್ತೆ ಇದೆ. ಇಳಿತ ಬೆಳಿಗ್ಗೆ ಇದ್ದರೆ ಪಡುಬಿದ್ರಿಯಿಂದ ಹೊರಡಿ. ಇಳಿತ ಮಧ್ಯಾಹ್ನ 2-3ಕ್ಕೆ ಇದ್ದರೆ ಮಲ್ಪೆಯಿಂದ ಹೊರಡಿ, ಆಗ ಕಲ್ಲಿನ ಭಾಗ ಇಳಿತದ ಹೊತ್ತಿಗೆ ಸಿಗುತ್ತದೆ, ಗಾಳಿಮರ ಅವರು ಹೇಳಿದ ಬೆನ್ನುಗಾಳಿಯೂ ಸಿಗುತ್ತದೆ. ಆದರೆ ಅಂಥ ದಿನ ಅಷ್ಟಮಿ ಕಳೆದ ಮೇಲಿನದಾದ್ದರಿಂದ ನೀರು ಅಷ್ಟೊಂದು ಹಿಂದೆ ಹೋಗಿರುವುದಿಲ್ಲ. ಕಲ್ಲಿನ ಭಾಗಕ್ಕೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

@ಗಾಳಿಮರ

ಒಪ್ಪಿದೆ. ರಜೆಯ ದಿನ ಇಳಿತ ಮಧ್ಯಾಹ್ನ ಬಿದ್ದರೆ ತೆಂಕಿಗೆ, ಇಲ್ಲದಿದ್ದರೆ ಬಡಗಿಗೆ.

@ಒದ್ದೆಮರಳು

ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಘಟ್ಟದ 24 ಕಿ.ಮೀ. ಮತ್ತು ಕಡಲ ಕರೆಯ 24 ಕಿ.ಮೀ. ಒಂದೇ ಅಲ್ಲ. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಹೆಜ್ಜೆ ಒತ್ತಿದಾಗ ಮರಳು ಹಿಂದಕ್ಕೆ ಜಾರುತ್ತದೆ, ಆ ಒತ್ತಿದ ಶಕ್ತಿ ನಿಮ್ಮನ್ನು ಮುಂದೆ ತಳ್ಳದೆ ಮರಳನ್ನು ಸರಿಸಲು ಹೋಗುತ್ತದೆ. ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಮೊದಲು ಸೋಲುತ್ತವೆ.

ಹಾಗಾಗಿ ಎಲ್ಲಿ ಕಾಲಿಡುತ್ತೀರಿ ಎಂಬುದೇ ಮುಖ್ಯ. ಕರೆಯಲ್ಲಿ ಮೂರು ಪಟ್ಟಿ ನೋಡಿ. ಮೇಲೆ ಬಳ್ಳಿ ಹಬ್ಬಿರುವ ಒಣ ಮರಳು, ಅದು ಗಂಟೆಗೆ 2.5 ಕಿ.ಮೀ. ಮೀರಿಸಲು ಬಿಡುವುದಿಲ್ಲ. ಕೆಳಗೆ ಅಲೆ ಈಗಷ್ಟೇ ಹಿಂದೆ ಹೋದ, ಕನ್ನಡಿಯಂತೆ ಹೊಳೆಯುವ ಮರಳು. ಅದರ ಕಣಗಳ ನಡುವೆ ನೀರು ಪೂರ್ತಿ ತುಂಬಿರುತ್ತದೆ, ಹಿಮ್ಮಡಿ ಹುಗಿಯುತ್ತದೆ. ಇವೆರಡರ ನಡುವೆ, ಹೊಳಪು ಮಾಯವಾಗಿ ಬಣ್ಣ ಮಾತ್ರ ಗಾಢವಾಗಿರುವ ಪಟ್ಟಿ ಇದೆಯಲ್ಲ, ಅದೇ ನಿಮ್ಮ ದಾರಿ. ಕಣಗಳ ನಡುವೆ ಸ್ವಲ್ಪವೇ ನೀರು ಉಳಿದಿರುವುದರಿಂದ ಅವು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹಿಂತಿರುಗಿ ನೋಡಿದಾಗ ಹೆಜ್ಜೆ ಗುರುತು ಅರ್ಧ ಸೆಂಟಿಮೀಟರಿಗಿಂತ ಆಳ ಇಲ್ಲದಿದ್ದರೆ ಸರಿಯಾದ ಕಡೆ ಇದ್ದೀರಿ. ಅಲ್ಲಿ ಗಂಟೆಗೆ 4-4.5 ಕಿ.ಮೀ. ಆರಾಮ. ನೀರು ಏರುವಾಗ ಈ ಪಟ್ಟಿಯೂ ಮೇಲೆ ಸರಿದು ಕಡಿದಾದ ಸಡಿಲ ಮರಳಿಗೆ ಸೇರಿಹೋಗುತ್ತದೆ. ಇಳಿತಕ್ಕೆ ಹೊಂದಿಸಿ ಹೊರಡಿ ಎಂದು ಭರತ_ಇಳಿತ ಅಷ್ಟು ಒತ್ತಿ ಹೇಳುವುದು ಇದಕ್ಕೂ ಸೇರಿ.

ಹೆಚ್ಚಿನವರು ಗಮನಿಸದ ತೊಂದರೆ ಇಳಿಜಾರಿನದು. ಬಡಗಿಗೆ ನಡೆಯುವಾಗ ಎಡಗಾಲು ಇಡೀ ದಿನ ಬಲಗಾಲಿಗಿಂತ ತಗ್ಗಿನಲ್ಲಿ ಬೀಳುತ್ತದೆ. ಹತ್ತು ಕಿ.ಮೀ. ಆದ ಮೇಲೆ ಸೊಂಟದ ಹೊರಬದಿ, ಮಂಡಿಯ ಹೊರಬದಿ ನೋಯಲು ಶುರುವಾಗುತ್ತದೆ. ನೋವು ಬಂದ ಮೇಲೆ ಮಾಡಲು ಹೆಚ್ಚೇನೂ ಇಲ್ಲ, ಬರುವ ಮೊದಲೇ ತಪ್ಪಿಸಬೇಕು: ಕರೆ ಕಡಿದಾಗಿದ್ದ ಕಡೆ ಹಟ ಮಾಡದೆ ರಸ್ತೆಗೆ ಹೋಗಿ, ಅರ್ಧ ಗಂಟೆ ಸಮ ನೆಲದಲ್ಲಿ ನಡೆದು ಮತ್ತೆ ಇಳಿಯಿರಿ. ನೀರಂಚಿನಲ್ಲೇ ನಡೆದೆವು ಎನ್ನುವ ಹೆಮ್ಮೆಗೆ ಮಂಡಿ ಕೊಡುವುದು ಬೇಡ.

ಪಾದರಕ್ಷೆ: ಘಟ್ಟಕ್ಕೆ ಹಾಕುವ ಎತ್ತರದ ಚರ್ಮದ ಬೂಟು ಇಲ್ಲಿಗೆ ಆಗುವುದಿಲ್ಲ. ಒಮ್ಮೆ ಒದ್ದೆಯಾದರೆ ಸಂಜೆವರೆಗೂ ಒಣಗದು. ಜಾಲರಿ ಬಟ್ಟೆಯ ಹಗುರ ಓಟದ ಶೂ, ತೆಳು ಕಾಲುಚೀಲ, ಮತ್ತೆರಡು ಜೊತೆ ಕಾಲುಚೀಲ ಬ್ಯಾಗಿನಲ್ಲಿ. ಮರಳು ಒಳಗೆ ಹೋದ ಕೂಡಲೇ ನಿಂತು ಕೊಡವಿ. «ಮುಂದೆ ಕುಳಿತಾಗ ನೋಡುವ» ಎಂದವರ ಹಿಮ್ಮಡಿಯಲ್ಲಿ ಬೊಬ್ಬೆ ಬಂದಿರುತ್ತದೆ. ಬೆರಳ ಸಂದಿ, ತೊಡೆಯ ಸಂದಿಗೆ ಹೊರಡುವಾಗಲೇ ವ್ಯಾಸಲೀನ್ ಹಚ್ಚಿ. ಬೆವರು ಮತ್ತು ಉಪ್ಪು ಸೇರಿ ಚರ್ಮ ಉಜ್ಜಿಕೊಳ್ಳುವುದು ಬೊಬ್ಬೆಗಿಂತ ಕಷ್ಟ ಕೊಡುತ್ತದೆ. ಬರಿಗಾಲು ಒಂದೆರಡು ಕಿ.ಮೀ.ಗೆ ಚೆಂದ, ಇಡೀ ದಿನಕ್ಕೆ ಬೇಡ. ಗಾಜಿನ ಚೂರು, ಗಾಳದ ಕೊಕ್ಕೆ, ಬಲೆಯ ತುಂಡು ಎಲ್ಲ ಊರ ಹತ್ತಿರವೂ ಇರುತ್ತವೆ.

@ಹೆದ್ದಾರಿ_ಬಿಟ್ಟು

ಇಷ್ಟು ವಿವರಕ್ಕೆ ಧನ್ಯವಾದ. ಹಾಗಾದರೆ ಹುಣ್ಣಿಮೆ ಕಳೆದ ಮೂರನೇ ದಿನ, ಬೆಳಿಗ್ಗೆ 5.45ಕ್ಕೆ ಹೊರಡುತ್ತೇವೆ, ಆರಕ್ಕೆ ಬೆಳಕಾಗುತ್ತದಲ್ಲ. ತಲೆಗೆ ಎರಡು ಲೀಟರ್ ನೀರು. ಕಲ್ಲಿನ ಗೋಡೆ ಬಂದ ಕಡೆ ಹತ್ತಿ ಇಳಿಯುತ್ತೇವೆ, ಬಂಡೆ ಹತ್ತುವುದು ಎಲ್ಲರಿಗೂ ಗೊತ್ತು.

@ಕರೆದಾರಿ

ಮೂರೂ ಬದಲಾಗಬೇಕು.

ಜನವರಿಯಲ್ಲಿ ಉಡುಪಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.55ಕ್ಕೆ. ಕಾಲಿನ ಕೆಳಗೆ ಏನಿದೆ ಎಂದು ಕಾಣುವಷ್ಟು ಬೆಳಕು 6.30ರ ನಂತರವೇ. 6.30ಕ್ಕೆ ಹೊರಡಿ. ಹುಣ್ಣಿಮೆ ಕಳೆದ ಮೂರನೇ ದಿನದ ಬೆಳಿಗ್ಗೆ ಚಂದ್ರ ಪಡುವಣದಲ್ಲಿ ಇನ್ನೂ ಇರುತ್ತಾನೆ, ಆದರೆ ಬಲೆಯ ಹಗ್ಗ ಕಾಣಿಸಲು ಅದು ಸಾಲದು.

ಗೋಡೆಯ ಕಲ್ಲು ಘಟ್ಟದ ಬಂಡೆಯಲ್ಲ. ಬಂಡೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಇದು ಲಾರಿಯಿಂದ ಸುರಿದದ್ದು, ಪ್ರತಿ ಮಳೆಗಾಲ ಅಲೆ ಅದನ್ನು ಅಲುಗಾಡಿಸಿ ಮರಳಿನೊಳಗೆ ಇಳಿಸುತ್ತದೆ. ಮೇಲೆ ಗಟ್ಟಿ ಕಾಣುವ ಕಲ್ಲು ಕಾಲಿಟ್ಟಾಗ ತಿರುಗಬಹುದು. ಭರತದ ಗೆರೆಯ ಕೆಳಗೆ ಹಸಿರು-ಕಪ್ಪು ಪಾಚಿ ಇರುತ್ತದೆ, ಅದರ ಮೇಲೆ ಯಾವ ಶೂ ಕೂಡ ನಿಲ್ಲದು. ಸಂದಿಗಳಲ್ಲಿ ಒಡೆದ ಬಾಟಲಿ, ಇಲಿ, ಇಲಿ ಹಿಂದೆ ಬಂದ ಹಾವು. ಗೋಡೆಯ ಮೇಲೆ ಉದ್ದಕ್ಕೆ ನಡೆಯುವುದು ಬೇಡವೇ ಬೇಡ. ಗಂಟೆಗೆ ಒಂದು ಕಿ.ಮೀ. ಆಗುವುದಿಲ್ಲ, ಕಾಲು ಮುರಿಯುವುದು ಇಲ್ಲೇ. ಅಡ್ಡಕ್ಕೆ ದಾಟಲೇಬೇಕಾದರೆ ಮೀನುಗಾರರು ದೋಣಿ ಇಳಿಸಲು ಬಿಟ್ಟ ಕಿಂಡಿ ಹುಡುಕಿ, ಹೆಚ್ಚಿನ ಊರಲ್ಲಿ ಇರುತ್ತದೆ. ಇಲ್ಲದಿದ್ದರೆ ಒಣಗಿದ, ಬಿಳಿಚಿಕೊಂಡ ಕಲ್ಲನ್ನೇ ಆರಿಸಿ. ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಯಾವಾಗಲೂ ಕಲ್ಲಿನ ಮೇಲಿರಲಿ. ಒಬ್ಬರು ದಾಟಿ ಮುಗಿದ ಮೇಲೆ ಮತ್ತೊಬ್ಬರು. ಕಲ್ಲಿಂದ ಕಲ್ಲಿಗೆ ಹಾರಬೇಡಿ.

ಮುಖ್ಯ ಎಚ್ಚರಿಕೆ: ಗೋಡೆಯ ಬುಡದಲ್ಲಿ ನಡೆಯಲು ಇಳಿಯುವ ಮೊದಲು ಆ ಗೋಡೆ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ, ನೀರು ಏರುತ್ತಿದ್ದರೆ, ಇಳಿಯಬೇಡಿ. ಮುಂದೆ ಮರಳು ಮುಗಿದು, ಹಿಂದೆ ಅಲೆ ಕಲ್ಲಿಗೆ ಬಡಿದು, ನಡುವೆ ಸಿಕ್ಕಿಹಾಕಿಕೊಂಡರೆ ಪಾಚಿಗಟ್ಟಿದ ಕಲ್ಲು ಹತ್ತುವುದೊಂದೇ ದಾರಿ ಉಳಿಯುತ್ತದೆ.

@ನಳ್ಳಿನೀರು

ನೀರಿನ ವಿಷಯ ನಾನು ಹೇಳ್ತೇನೆ. ಎರಡು ಲೀಟರ್ ಕಾಪು ತಲುಪುವುದಕ್ಕೆ ಸಾಕು, ದಿನಕ್ಕೆ ಸಾಲುವುದಿಲ್ಲ. ಜನವರಿಯಲ್ಲೂ ಹಗಲು 32-33 ಡಿಗ್ರಿ ಹೋಗ್ತದೆ, ನೆರಳಿಲ್ಲ, ಮರಳು ಕೆಳಗಿಂದ ಬಿಸಿಲು ವಾಪಸ್ ಎಸೆಯುತ್ತದೆ. ತಲೆಗೆ ನಾಲ್ಕೂವರೆಯಿಂದ ಐದು ಲೀಟರ್ ಹಿಡಿಯಿರಿ. ಎಲ್ಲವನ್ನೂ ಬೆನ್ನಿಗೆ ಹಾಕಬೇಡಿ, ಐದು ಲೀಟರ್ ಅಂದರೆ ಐದು ಕಿಲೋ, ಅಷ್ಟು ಹೆಚ್ಚು ಕಾಲು ಹುಗಿಯುತ್ತದೆ. ಎರಡು ಲೀಟರ್ ಹೊತ್ತು ಹೊರಡಿ, ಕಾಪುವಿನಲ್ಲಿ ತುಂಬಿಸಿ, ಮಟ್ಟುವಿನಲ್ಲಿ ಮತ್ತೆ ತುಂಬಿಸಿ. ಕರೆಯ ಊರುಗಳಲ್ಲಿ ಭಜನಾ ಮಂದಿರ ಇರ್ತದೆ, ಪಕ್ಕದಲ್ಲಿ ನಳ್ಳಿಯೂ ನೆರಳೂ ಇರುವುದು ರೂಢಿ. ಕೇಳಿ ತುಂಬಿಸಿ, ಯಾರೂ ಇಲ್ಲ ಅನ್ನುವುದಿಲ್ಲ. ಸಮುದ್ರಕ್ಕೆ ತೀರಾ ಹತ್ತಿರದ ಬಾವಿ ನೀರು ಬೇಸಗೆ ಹತ್ತಿರವಾದಂತೆ ಉಪ್ಪಾಗಿರಬಹುದು, ಒಂದು ಗುಟುಕು ರುಚಿ ನೋಡಿ ಬಾಟಲಿಗೆ ಹಾಕಿ.

ಬರೀ ನೀರು ಕುಡಿದು ಕುಡಿದು ತಲೆನೋವು, ವಾಕರಿಕೆ ಬಂದರೆ ಉಪ್ಪು ಕಡಿಮೆ ಆಗಿದೆ ಎಂದು ಲೆಕ್ಕ. ಐದು ಲೀಟರಿನಲ್ಲಿ ಎರಡಕ್ಕೆ ಒಆರ್‌ಎಸ್ ಹಾಕಿ, ಒಂದು ಲೀಟರಿಗೆ ಒಂದು ದೊಡ್ಡ ಪ್ಯಾಕೆಟ್. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟು ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಮೀರಿ ಉಪ್ಪು ಹಾಕಿದರೆ ಬಾಯಾರಿಕೆ ಜಾಸ್ತಿ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಮ್ ಹೆಚ್ಚು, ಬೆವರಲ್ಲಿ ಹೋಗುವ ಸೋಡಿಯಂ ಕಡಿಮೆ. ಬೊಂಡದ ಜೊತೆ ಉಪ್ಪು ಹಾಕಿದ ಏನಾದರೂ ತಿನ್ನಿ.

ತಿಂಡಿಗೆ ತೆಂಗಿನಕಾಯಿ ಹಾಕಿದ್ದು ಕಟ್ಟಿಕೊಳ್ಳಬೇಡಿ, ಬಿಸಿಲಿಗೆ ಮಧ್ಯಾಹ್ನದೊಳಗೆ ಹಳಸ್ತದೆ. ಬಾಳೆಹಣ್ಣು, ನೆಲಗಡಲೆ ಚಿಕ್ಕಿ, ಒಗ್ಗರಣೆ ಅವಲಕ್ಕಿ ಸಾಕು. ಕಾಪುವಿನಲ್ಲಿ ಹೊಟೇಲಿಗೆ ಹೋದರೆ ಬನ್ಸ್, ಗೋಳಿಬಜೆ ಹೊಟ್ಟೆ ತುಂಬ ಬೇಡ, ಮುಂದಿನ ಆರು ಕಿ.ಮೀ. ಭಾರ ಆಗ್ತದೆ. ಗಂಜಿ ಸಿಕ್ಕಿದರೆ ಗಂಜಿ, ಉಪ್ಪಿನಕಾಯಿ. ಇದರಷ್ಟು ಸರಿಯಾದ ನಡಿಗೆಯ ಊಟ ಇನ್ನೊಂದಿಲ್ಲ.

@ಕೈರಂಪಣಿ

ಒಂದು ಕೋರಿಕೆ ಮತ್ತು ಕೆಲವು ಸೂಚನೆ. ನೀವು ನಡೆಯುವ ಮರಳು ಒಬ್ಬರ ಕೆಲಸದ ಜಾಗ.

ಬೆಳಗ್ಗೆ ಕೈರಂಪಣಿ (ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಎರಡು ಗುಂಪು ಬಹಳ ಅಂತರದಲ್ಲಿ ಎರಡು ಹಗ್ಗ ಹಿಡಿದಿರುತ್ತವೆ. ಬಲೆ ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿದ್ದಿರುತ್ತದೆ. ಬಿಗಿಯಾದ ಹಗ್ಗ ದಾಟಬೇಡಿ, ಅಲೆ ಎಳೆದಾಗ ಅದು ಥಟ್ಟನೆ ಮೊಣಕಾಲೆತ್ತರಕ್ಕೆ ಏಳುತ್ತದೆ. ಎಳೆಯುವವರ ಬೆನ್ನ ಹಿಂದಿನಿಂದ, ಮೂಡಣ ಬದಿಗೆ ಸುತ್ತಿ ಹೋಗಿ. ಒಣಗಲು ಹಾಕಿದ ಮೀನಿನ ಮೇಲೆ, ಹರಡಿದ ಬಲೆಯ ಮೇಲೆ ಕಾಲಿಡಬೇಡಿ. ಎಳೆದು ನಿಲ್ಲಿಸಿದ ದೋಣಿಯ ನೆರಳಲ್ಲಿ ಕೂರುವ ಮೊದಲು ಕೇಳಿ. ದೈವಸ್ಥಾನದ ಕಟ್ಟೆ, ನಾಗಬನ ವಿಶ್ರಾಂತಿಯ ಜಾಗವಲ್ಲ. ಮಟ್ಟುವಿನ ಬದನೆ ಗದ್ದೆಗಳ ನಡುವೆ ಅಡ್ಡದಾರಿ ಹಿಡಿಯಬೇಡಿ. ಈ ಬದನೆಗೆ, ಅಂದರೆ ಮಟ್ಟುಗುಳ್ಳಕ್ಕೆ, 2011ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಸಿಕ್ಕಿದೆ, ಜನವರಿ ಅದರ ಕಾಯಿ ಕೊಯ್ಯುವ ಕಾಲ, ಒಂದು ಗಿಡ ತುಳಿದರೂ ಬೆಳೆದವರಿಗೆ ನಷ್ಟ.

ಎಲ್ಲಕ್ಕಿಂತ ಉಪಯೋಗದ ಮಾತು: ಮುಂದಿನ ಊರಿನವರೆಗೆ ಕರೆ ಹೇಗಿದೆ ಎಂದು ದೋಣಿಯ ಬಳಿ ಕೂತವರನ್ನು ಕೇಳಿ. ಯಾವ ಪಟ್ಟಿಯಲ್ಲೂ ಇಲ್ಲದ ಸುದ್ದಿ ಅವರಿಗೆ ಗೊತ್ತಿರುತ್ತದೆ, ನಿನ್ನೆ ರಾತ್ರಿ ಎಲ್ಲಿ ಮರಳು ಹೋಯಿತು ಎಂಬುದೂ ಸೇರಿ.

@ಒದ್ದೆಮರಳು

ತೋಡುಗಳ ಬಗ್ಗೆ ಸೇರಿಸಬೇಕು. ಸಣ್ಣ ತೋಡುಗಳು ಮರಳು ಕಡಿದು ಸಮುದ್ರಕ್ಕೆ ಸೇರುವ ಕಡೆ, ಕಾಪು ದೀಪಸ್ತಂಭದ ಆಸುಪಾಸಿನಲ್ಲೂ, ಜನರು ನೀರು ಕಿರಿದಾಗಿ ಕಾಣುವ ಜಾಗದಲ್ಲಿ ದಾಟಲು ನೋಡುತ್ತಾರೆ. ಕಿರಿದಾದ ಕಡೆ ನೀರು ಆಳವಾಗಿಯೂ ವೇಗವಾಗಿಯೂ ಇರುತ್ತದೆ, ಬದಿಯ ಮರಳು ಕುಸಿಯುತ್ತದೆ. ಅಗಲವಾಗಿ ಹರಡಿ, ಮೇಲೆ ಸಣ್ಣ ತೆರೆ ಕಾಣುವ ಕಡೆ ದಾಟಿ. ಬರಿಗಾಲಲ್ಲಿ ದಾಟಬೇಡಿ, ಕಾಲುಚೀಲ ಮಾತ್ರ ತೆಗೆದು ಶೂ ಹಾಕಿಕೊಂಡೇ ದಾಟಿ, ಆ ಕಡೆ ಹೋಗಿ ಒಣ ಕಾಲುಚೀಲ ಹಾಕಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಟ್ಟಿರಿ. ನೀರು ಮೊಣಕಾಲು ಮೀರಿದರೆ ವಾಪಸ್ ಬಂದು ಊರಿನ ಕಿರುಸೇತುವೆ ಹುಡುಕಿ. ಜನವರಿಯಲ್ಲಿ ಹೆಚ್ಚಿನ ತೋಡಿನ ಬಾಯಿ ಮರಳಿನಿಂದ ಮುಚ್ಚಿರುತ್ತದೆ. ಅಕ್ಟೋಬರಿನಲ್ಲಿ ಹಾಗಲ್ಲ.

ಆಳವಿಲ್ಲದ ನೀರಿನಲ್ಲಿ ಕಾಲು ಎತ್ತಿ ಇಡಬೇಡಿ, ಮರಳಿಗೆ ಉಜ್ಜುತ್ತಾ ನಡೆಯಿರಿ. ಮರಳಲ್ಲಿ ಹುಗಿದುಕೊಂಡ ತೊರಕೆ ಮೀನು ಆ ಸಪ್ಪಳಕ್ಕೆ ಸರಿದು ಹೋಗುತ್ತದೆ, ಮೇಲಿಂದ ತುಳಿದರೆ ಬಾಲದ ಮುಳ್ಳು ಹೊಡೆಯುತ್ತದೆ.

@ಗಾಳಿಮರ

ಅದು ಹೊಡೆದರೆ ಎಂತ ಮಾಡುವುದು ಅಂತಲೂ ಹೇಳಿ.

@ಒದ್ದೆಮರಳು

ಸಹಿಸಲು ಆಗುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಪಾದ ಮುಳುಗಿಸಿ. ಆ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ಗಾಯಗೊಂಡವರ ಪಾದಕ್ಕೆ ಬಿಸಿ ಸರಿಯಾಗಿ ಗೊತ್ತಾಗದಿರಬಹುದು, ಬೇರೆಯವರು ಕೈ ಹಾಕಿ ನೋಡಿ. ಮುಳ್ಳಿನ ಚೂರು ಒಳಗೆ ಉಳಿದಿರಬಹುದಾದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು. ಜೆಲ್ಲಿಫಿಶ್ ತಾಗಿದರೆ ಉಜ್ಜಬೇಡಿ, ಸಿಹಿ ನೀರು ಹಾಕಬೇಡಿ. ಸಮುದ್ರದ ನೀರಿನಲ್ಲೇ ತೊಳೆದು ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಬಲೆಯಿಂದ ಎಸೆದ ಕಡಲ ಹಾವು ಮರಳಲ್ಲಿ ಸತ್ತಂತೆ ಬಿದ್ದಿದ್ದರೂ ಮುಟ್ಟಬೇಡಿ. ಕಾಲಿಗೆ ಡಾಂಬರಿನಂಥ ಕಪ್ಪು ಉಂಡೆ ಅಂಟಿದರೆ ತೆಂಗಿನೆಣ್ಣೆ ಹಚ್ಚಿ ಉಜ್ಜಿ, ಬಿಡುತ್ತದೆ. ಜನವರಿಯಲ್ಲಿ ಅಪರೂಪ, ಮಳೆಗೆ ಮೊದಲಿನ ತಿಂಗಳುಗಳಲ್ಲಿ ಹೆಚ್ಚು.

ಫೋನಿನಲ್ಲಿ 112, 108 ಜೊತೆಗೆ ಕರಾವಳಿ ಕಾವಲು ಪೊಲೀಸರ 1093 ಕೂಡ ಇಟ್ಟುಕೊಳ್ಳಿ.

@ಉಚ್ಚಿಲದಾಚೆ

ಜನವರಿ ಬಿಟ್ಟು ಬೇರೆ ತಿಂಗಳು ಆಗುವುದಿಲ್ಲವೇ? ನಮಗೆ ರಜೆ ಸಿಗುವುದು ಅಕ್ಟೋಬರಿನಲ್ಲಿ ಅಥವಾ ಏಪ್ರಿಲಿನಲ್ಲಿ.

@ಭರತ_ಇಳಿತ

ಮಳೆಗಾಲದ ದೊಡ್ಡ ಅಲೆ ಕರೆಯ ಮರಳನ್ನು ಎಳೆದು ಕಡಲೊಳಗೆ ದಿಬ್ಬವಾಗಿ ಇಡುತ್ತದೆ. ಮಳೆ ಮುಗಿದ ಮೇಲಿನ ಸಣ್ಣ, ನಿಧಾನದ ಅಲೆಗಳು ಅದನ್ನು ಸ್ವಲ್ಪ ಸ್ವಲ್ಪವಾಗಿ ವಾಪಸ್ ತರುತ್ತವೆ. ಅಕ್ಟೋಬರಿನಲ್ಲಿ ಆ ಕೆಲಸ ಮುಗಿದಿರುವುದಿಲ್ಲ. ಕರೆ ಕಿರಿದು, ಕಡಿದು, ಕೆಲವು ಕಡೆ ಆಳೆತ್ತರದ ಮರಳ ಗೋಡೆ ನಿಂತಿರುತ್ತದೆ. ಅದರ ಬುಡದಲ್ಲಿ ಕೂರಬೇಡಿ, ಕುಸಿಯುತ್ತದೆ. ಡಿಸೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಕರೆ ಅಗಲವಾಗಿರುತ್ತದೆ. ಅಕ್ಟೋಬರಿನಲ್ಲಿ ಮಾಡಲೇಬೇಕಾದರೆ ಕಾಪುವಿನಿಂದ ಮಲ್ಪೆ ಮಾತ್ರ ನಡೆಯಿರಿ, ಹಿಂದೆ ರಸ್ತೆ ಇರುವುದರಿಂದ.

ಏಪ್ರಿಲ್-ಮೇ ತಿಂಗಳ ತೊಂದರೆ ಸೆಕೆ ಒಂದೇ ಅಲ್ಲ. ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿಯಿಂದ ಹುಟ್ಟಿದ ಉದ್ದದ ಅಲೆಗಳು ದಿನಗಳ ನಂತರ ಇಲ್ಲಿಗೆ ತಲುಪುತ್ತವೆ. ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶ ಶುಭ್ರ, ಆದರೂ ನೀರು ರಸ್ತೆಯವರೆಗೆ ಬರುತ್ತದೆ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕಡಲು ಎನ್ನುತ್ತಾರೆ, ಈಗ ವಿಜ್ಞಾನಿಗಳ ಭಾಷೆಯಲ್ಲೂ ಅದೇ ಹೆಸರು. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಯಾವ ತಿಂಗಳಾದರೂ ಹಿಂದಿನ ಸಂಜೆ ಅದನ್ನು ನೋಡಿ. ಎಚ್ಚರಿಕೆ ಇದ್ದರೆ ಆ ದಿನ ಬಿಟ್ಟುಬಿಡಿ. ಕಿತ್ತಳೆ ಬಣ್ಣದ ಎಚ್ಚರಿಕೆಗೂ ಹೋಗಿಬರುವ ಎಂದು ಹೊರಡಬೇಡಿ.

@ಹೆದ್ದಾರಿ_ಬಿಟ್ಟು

ಎಲ್ಲರ ಮಾತು ಸೇರಿಸಿ ಸಮಯ ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ.

ಇಳಿತ 7.30ಕ್ಕೆ, ಭರತ 1.45ಕ್ಕೆ ಇರುವ ದಿನ. ಪಡುಬಿದ್ರಿ 6.30. ಉಚ್ಚಿಲದ ನೇರಕ್ಕೆ 8. ಕಾಪು 9.30, ಕಾಲುಚೀಲ ಬದಲು, ನೀರು, ಗಂಜಿ, 40 ನಿಮಿಷ. 10.10ಕ್ಕೆ ಹೊರಟು ಮಟ್ಟು 12ಕ್ಕೆ. ಅಲ್ಲಿ 45 ನಿಮಿಷ ನೆರಳು. 12.45ರಿಂದ ಭರತ ಇಳಿಯುವವರೆಗೆ ರಸ್ತೆ, ಆಮೇಲೆ ಮರಳು. ಪಡುಕರೆ ಸೇತುವೆ 3.30. ಅಲ್ಲಿಂದ ಮಲ್ಪೆ ಬಸ್ ನಿಲ್ದಾಣ, ಉಡುಪಿಗೆ ಸಿಟಿ ಬಸ್ಸು. ಸೂರ್ಯ ಮುಳುಗುವುದು ಸುಮಾರು 6.15ಕ್ಕೆ, ಎರಡೂವರೆ ಗಂಟೆಗೂ ಹೆಚ್ಚು ಕೈಯಲ್ಲಿ ಉಳಿಯುತ್ತದೆ.

@ಕರೆದಾರಿ

ಚೆನ್ನಾಗಿದೆ. ಎರಡು ತಿದ್ದುಪಡಿ.

ಕಾಪುವಿಗೆ 10.15 ಮೀರಿ ತಲುಪಿದರೆ ಆ ದಿನದ ನಡಿಗೆ ಅಲ್ಲಿಗೇ ಮುಗಿಸಿ ಎಂದು ಈಗಲೇ ಐವರೂ ಒಪ್ಪಿಕೊಳ್ಳಿ. ದಣಿದ ಮೇಲೆ ಆ ಮಾತು ಶುರು ಮಾಡಿದರೆ ಒಬ್ಬರಿಗಾಗಿ ಇನ್ನೊಬ್ಬರು ಸುಮ್ಮನಾಗುತ್ತಾರೆ. ಕಾಪು ಪೇಟೆ ಹತ್ತಿರ, ಬಸ್ಸು ಸದಾ ಇದೆ, ದೀಪಸ್ತಂಭದ ಬಂಡೆ ನೋಡಿಕೊಂಡು ಬನ್ನಿ. 1901ರಲ್ಲಿ ಕಟ್ಟಿದ್ದು, ಇನ್ನೂ ಕೆಲಸ ಮಾಡುತ್ತಿದೆ. ಆದರೆ ಬಂಡೆಯ ಕಡಲ ಬದಿಗೆ ಇಳಿಯಬೇಡಿ.

ಎರಡನೆಯದು, ಭರತ ಇಳಿಯಲು ಶುರುವಾದ ಕೂಡಲೇ ಮರಳು ಗಟ್ಟಿಯಾಗುವುದಿಲ್ಲ. 1.45ಕ್ಕೆ ಭರತ ಎಂದರೆ 3.15ರವರೆಗೂ ಮೇಲಿನ ಪಟ್ಟಿ ಸಡಿಲವೇ. ಪಡುಕರೆಯ ಹೆಚ್ಚು ಭಾಗ ರಸ್ತೆಯಲ್ಲೇ ಆಗುತ್ತದೆ ಎಂದು ಲೆಕ್ಕ ಹಾಕಿ, ಕೊನೆಯ ಒಂದು ಕಿಲೋಮೀಟರಿಗೆ ಮಾತ್ರ ಕರೆಗೆ ಇಳಿಯಿರಿ.

@ನಳ್ಳಿನೀರು

ಸೇತುವೆ ದಾಟಿದ ಮೇಲೆ ಬಂದರಿನ ರಸ್ತೆಯಲ್ಲಿ ಮೀನಿನ ಲಾರಿಯಿಂದ ನೀರು ಸುರಿದು ಜಾರ್ತದೆ. ಅಷ್ಟು ಹೊತ್ತಿಗೆ ಕಾಲು ಸೋತಿರ್ತದೆ, ಬದಿ ನೋಡಿ ನಡೆಯಿರಿ.